ಸೆಕೆಂಡಿನ ಉಳಿತಾಯ

(ಸಂಘದ ವಾರ್ಷಿಕ ಕ್ರೀಡಾಕೂಟದ ಬಹುಮಾನ ವಿತರಣೆಯ ಸಂಜೆ ಮಾಡಿದ ಭಾಷಣ)



ಈ ಸಂಜೆ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವು ಹಿಂದೆ ಮುಂದೆ ನೋಡಿದ್ದು ನಿಜ. ನಾವು ಪಂಡಿತರಲ್ಲ, ಹೆಸರಾಂತ ಕ್ರೀಡಾಪಟುಗಳೂ ಅಲ್ಲ. ಬಿ.ಕಾಂ. ಮುಗಿಸಿ, ಊರು ಬಿಟ್ಟು, ಈ ಮುಂಬಯಿಯಲ್ಲಿ ಬ್ಯಾಂಕೊಂದರ ಗುಮಾಸ್ತಿಕೆ ಹಿಡಿದವರು. ಬೆಳಗ್ಗೆ ಲೋಕಲ್ ಗಾಡಿ ತಪ್ಪೀತೆಂದು ಸೇತುವೆಯ ಮೆಟ್ಟಿಲಿಳಿದು ಓಡುವುದೇ ಈಗ ನಮ್ಮ ಪಾಲಿಗೆ ಉಳಿದಿರುವ ವೇಗದ ಓಟ. ಆದರೂ ಕೆಲವು ವರ್ಷಗಳಿಂದ ಭಾನುವಾರದ ಬೆಳಗಿನಲ್ಲಿ ಸಂಘದ ಮಕ್ಕಳನ್ನು ಮೈದಾನಕ್ಕೆ ಕರೆದೊಯ್ದು ಓಡಿಸುವ ಕೆಲಸ ನಮ್ಮ ಹೆಗಲಿಗೆ ಬಂದಿದೆ. ಆ ಕೆಲಸಕ್ಕಾಗಿ ಓದಿದ್ದು, ಬಲ್ಲವರನ್ನು ಕೇಳಿದ್ದು, ಮತ್ತು ನಮ್ಮ ಸ್ವಂತ ತಪ್ಪಿನಿಂದ ಕಲಿತದ್ದು, ಇಷ್ಟೇ ನಮ್ಮ ಬಂಡವಾಳ.

ಮಾತಿಗೆ ಕಾರಣವಾದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇವೆ. ಎರಡು ತಿಂಗಳ ಹಿಂದೆ ಒಂದು ಸಂಜೆ ನಮ್ಮ ಸದಸ್ಯರೊಬ್ಬರು ಮನೆಗೆ ಬಂದರು. ನಮ್ಮ ಸೀಮೆಯವರೇ, ಕುಂದಾಪುರದ ಆಸುಪಾಸಿನವರು. ಕಾಫಿಯಾಯಿತು, ಊರಿನ ಮಳೆಯ ಮಾತಾಯಿತು. ಆಮೇಲೆ ಮೆಲ್ಲನೆ, "ಇನ್ನು ಹುಡುಗಿಯನ್ನು ಓಟಕ್ಕೆ ಕಳುಹಿಸುವುದಿಲ್ಲ ಮಾರಾಯ್ರೆ" ಎಂದರು. ಏಕೆಂದು ಕೇಳಿದೆವು.

"ಅಲ್ಲ, ಹದಿಮೂರನೇ ವಯಸ್ಸಿನಲ್ಲಿ ನೂರು ಮೀಟರಿಗೆ ಹದಿನಾಲ್ಕು ಪಾಯಿಂಟ್ ಎರಡು ಅಂತ ನೀವೇ ಬರೆದುಕೊಟ್ಟಿರಿ. ಈಗ ಹದಿನೈದು ನಡೆಯುತ್ತಿದೆ. ಮೊನ್ನೆ ನೋಡಿದರೆ ಹದಿನಾಲ್ಕು ಪಾಯಿಂಟ್ ನಾಲ್ಕು! ಬೂಟು, ಬಸ್ಸು, ಮೊಟ್ಟೆ ಅಂತ ಎರಡು ವರ್ಷ ಖರ್ಚು ಹಾಕಿದ್ದಕ್ಕೆ ಬಡ್ಡಿ ಹಾಗಿರಲಿ, ಅಸಲಿಗೇ ಖೋತಾ ಬಂತಲ್ಲ. ನೀವು ಬ್ಯಾಂಕಿನವರು, ನೀವೇ ಹೇಳಿ, ಇಂಥ ಖಾತೆಯನ್ನು ಇಟ್ಟುಕೊಳ್ಳುತ್ತಾರೆಯೇ? ಟ್ಯೂಶನ್ನಿಗೆ ಹಾಕಿದರೆ ನಾಲ್ಕು ಅಂಕವಾದರೂ ಹೆಚ್ಚಾದೀತು."

ಅಂದು ನಮಗೆ ಸರಿಯಾದ ಉತ್ತರ ಹೊಳೆಯಲಿಲ್ಲ. 'ಹಾಗಲ್ಲ, ಹೀಗೆ' ಎಂದು ಏನೋ ಅಂದೆವು; ಅವರು ಎದ್ದು ಹೋದರು. ಹುಡುಗಿ ಮುಂದಿನ ಭಾನುವಾರ ಬರಲಿಲ್ಲ. ಇಂದಿನ ಮಾತು ಅವರಿಗೆ ನಾವು ತಡವಾಗಿ ಕೊಡುತ್ತಿರುವ ಉತ್ತರ. ಅವರು ಈ ಸಭೆಯಲ್ಲಿಯೇ ಇದ್ದಾರೆ. "ಬೇಕಾದರೆ ಹೇಳಿ, ಆದರೆ ಹೆಸರು ಬೇಡ" ಎಂದು ಅಪ್ಪಣೆ ಕೊಟ್ಟ ಮೇಲೆಯೇ ಹೇಳುತ್ತಿದ್ದೇವೆ.

ಮೊದಲು ಈ 'ಕಾಲ' ಎಂಬುದರ ಲೆಕ್ಕವನ್ನೇ ನೋಡೋಣ. ನಾವು ಮೈದಾನದಲ್ಲಿ ಕೈಯಲ್ಲಿ ಗಡಿಯಾರ ಹಿಡಿದು, ಕರವಸ್ತ್ರ ಬೀಸಿದ್ದನ್ನು ನೋಡಿ ಹೆಬ್ಬೆರಳಿನಿಂದ ಒತ್ತುತ್ತೇವೆ. ಕಣ್ಣು ಕಂಡು ಬೆರಳು ಒತ್ತುವಷ್ಟರಲ್ಲಿ ಸೆಕೆಂಡಿನ ಐದನೆಯ ಒಂದು ಪಾಲು ಜಾರಿಹೋಗುತ್ತದೆ. ಅದಕ್ಕಾಗಿಯೇ ಕೈಗಡಿಯಾರದ ಕಾಲವನ್ನು ವಿದ್ಯುತ್ ಯಂತ್ರದ ಕಾಲದೊಡನೆ ಹೋಲಿಸಬೇಕಾದರೆ ನೂರು ಮೀಟರಿನ ಓಟಕ್ಕೆ 0.24 ಸೆಕೆಂಡನ್ನು ಕೂಡಿಸುವ ಪದ್ಧತಿಯುಂಟು. ಗಾಳಿಯ ಲೆಕ್ಕ ಬೇರೆ. ಓಟಗಾರನ ಬೆನ್ನ ಹಿಂದಿನಿಂದ ಸೆಕೆಂಡಿಗೆ 2 ಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಗಾಳಿ ಬೀಸಿದರೆ ಆ ಓಟವನ್ನು ದಾಖಲೆಯೆಂದು ಒಪ್ಪುವುದೇ ಇಲ್ಲ. ಹೀಗಿರುವಾಗ 14.2ಕ್ಕೂ 14.4ಕ್ಕೂ ನಡುವಿನ ಅಂತರ ಆ ಹುಡುಗಿಯ ಕಾಲಿನದೋ, ನಮ್ಮ ಹೆಬ್ಬೆರಳಿನದೋ, ಕಡಲ ಗಾಳಿಯದೋ, ಯಾರು ಬಲ್ಲರು? ಒಂದು ದಿನದ ಅಂಕಿಯನ್ನು ನೋಡಿ ಖಾತೆ ಮುಚ್ಚುವುದು ಯಾವ ಬ್ಯಾಂಕಿನ ಧರ್ಮವೂ ಅಲ್ಲ.

ಇನ್ನು ನೂರು ಮೀಟರಿನ ಓಟವೆಂದರೆ ಒಂದೇ ಓಟವೆಂದು ನಾವು ತಿಳಿದಿದ್ದೇವಷ್ಟೆ. ನಿಜವಾಗಿ ಅದು ಮೂರು ಓಟಗಳ ಕೂಟ. ಹೊರಡುವುದು ಮತ್ತು ವೇಗ ಕೂಡಿಸಿಕೊಳ್ಳುವುದು ಒಂದು. ತುಂಬು ವೇಗದಲ್ಲಿ ಹೋಗುವುದು ಎರಡು. ಆ ವೇಗವನ್ನು ಕಳೆದುಕೊಳ್ಳದೆ ಕಾಪಾಡಿಕೊಳ್ಳುವುದು ಮೂರು. ಜಮೈಕದ ಉಸೇನ್ ಬೋಲ್ಟ್ 2009ರ ಆಗಸ್ಟ್ 16ರಂದು ಬರ್ಲಿನ್ನಿನಲ್ಲಿ 9.58 ಸೆಕೆಂಡಿನಲ್ಲಿ ಓಡಿದ ಓಟವನ್ನು ಅಳೆದವರು ಇಪ್ಪತ್ತಿಪ್ಪತ್ತು ಮೀಟರಿಗೆ ತುಂಡು ಮಾಡಿ ಬರೆದಿಟ್ಟಿದ್ದಾರೆ. ಮೊದಲ 20 ಮೀಟರಿಗೆ 2.89 ಸೆಕೆಂಡು, ಎರಡನೆಯದಕ್ಕೆ 1.75, ಮೂರನೆಯದಕ್ಕೆ 1.67, ನಾಲ್ಕನೆಯದಕ್ಕೆ 1.61, ಕೊನೆಯದಕ್ಕೆ 1.66. ಕೂಡಿಸಿ ನೋಡಿ, ತಾಳೆಯಾಗುತ್ತದೆ. ನಾಲ್ಕನೆಯ ತುಂಡಿನಲ್ಲಿ ಆತನ ವೇಗ ಗಂಟೆಗೆ 44 ಕಿಲೋಮೀಟರನ್ನು ಮೀರಿತ್ತು. ಆದರೆ ಕೊನೆಯ ಅಂಕಿಯನ್ನು ಗಮನಿಸಬೇಕು. ಲೋಕದಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿದವನೂ ಕೊನೆಯ 20 ಮೀಟರಿನಲ್ಲಿ ನಿಧಾನವಾದ! 'ಕೊನೆಯಲ್ಲಿ ಚಿಮ್ಮಿ ಮುಂದೆ ಬಂದ' ಎಂದು ನಾವು ಚಪ್ಪಾಳೆ ತಟ್ಟುತ್ತೇವಲ್ಲ, ಅವನು ಚಿಮ್ಮಿದ್ದಲ್ಲ. ಉಳಿದವರು ಅವನಿಗಿಂತ ಹೆಚ್ಚು ಸೋತರು, ಅಷ್ಟೇ.

ಆದ್ದರಿಂದ ತರಬೇತಿಯೂ ಮೂರು ಬಗೆ. ಹೊರಡುವ ಅಭ್ಯಾಸಕ್ಕೆ 10, 20, 30 ಮೀಟರಿನ ಚಿಕ್ಕ ಓಟಗಳು. ದೇಹವನ್ನು ಮುಂದಕ್ಕೆ ವಾಲಿಸಿ, ನೆಲವನ್ನು ಹಿಂದಕ್ಕೆ ತಳ್ಳಿ, ಹೆಜ್ಜೆ ಹೆಜ್ಜೆಗೂ ಮೆಲ್ಲಮೆಲ್ಲನೆ ನೆಟ್ಟಗಾಗಬೇಕು. ಏರು ದಾರಿಯ ಓಟ ಇದಕ್ಕೆ ಒಳ್ಳೆಯ ಗುರು. ತುಂಬು ವೇಗದ ಅಭ್ಯಾಸಕ್ಕೆ ಸ್ವಲ್ಪ ದೂರ ಹಗುರವಾಗಿ ಓಡಿ ಬಂದು ನಡುವಿನ 20 ಮೀಟರನ್ನು ಮಾತ್ರ ಪೂರ್ತಿ ಬಿಟ್ಟು ಓಡುವುದು. ವೇಗ ಕಾಪಾಡುವ ಅಭ್ಯಾಸಕ್ಕೆ 120, 150 ಮೀಟರಿನ ಓಟಗಳು. ಇವುಗಳ ಹಿಂದೆ ಸೊಂಟ, ತೊಡೆ, ಮೀನಖಂಡಗಳಿಗೆ ಬಲ ಕೊಡುವ ವ್ಯಾಯಾಮ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆಯಬೇಕು. ಕಾಲನ್ನು ಬೇಗ ಬೇಗ ಆಡಿಸಿದರೆ ವೇಗ ಬರುವುದೆಂದು ಮಕ್ಕಳೂ ತಿಳಿಯುತ್ತಾರೆ, ದೊಡ್ಡವರೂ ಕೂಗುತ್ತಾರೆ. ವೇಗದ ಗುಟ್ಟು ಗಾಳಿಯಲ್ಲಿ ಆಡುವ ಕಾಲಿನಲ್ಲಿ ಇಲ್ಲ, ನೆಲಕ್ಕೆ ತಗಲುವ ಕಾಲಿನಲ್ಲಿದೆ. ಒಳ್ಳೆಯ ಓಟಗಾರನ ಪಾದ ಪ್ರತಿ ಹೆಜ್ಜೆಯಲ್ಲಿ ನೆಲದ ಮೇಲೆ ಇರುವುದು ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ಅಥವಾ ಅದಕ್ಕೂ ಕಡಮೆ. ಅಷ್ಟರಲ್ಲಿ ತನ್ನ ತೂಕದ ಹಲವು ಪಟ್ಟು ಬಲವನ್ನು ನೆಲಕ್ಕೆ ಕೊಡಬೇಕು. ಬೋಲ್ಟ್ ಬರ್ಲಿನ್ನಿನಲ್ಲಿ ನೂರು ಮೀಟರನ್ನು ಕ್ರಮಿಸಿದ್ದು 41 ಹೆಜ್ಜೆಗಳಲ್ಲಿ. ಈ ಬಲ ಒಂದು ತಿಂಗಳಲ್ಲಿ ಬರುವುದಲ್ಲ. ಅಭ್ಯಾಸದ ಮೊದಲ ವಾರಗಳಲ್ಲಿ ಹೆಚ್ಚಾಗಿ ಕಲಿಯುವುದು ನರಗಳು, ಅಂದರೆ ಇರುವ ಸ್ನಾಯುವನ್ನೇ ಸರಿಯಾಗಿ ಎಬ್ಬಿಸಿ ದುಡಿಸುವುದನ್ನು. ಸ್ನಾಯು ಬಲಿಯುವುದು ತಿಂಗಳುಗಳ ಮೇಲೆ. ಎಲುಬಿಗೆ ಸ್ನಾಯುವನ್ನು ಕಟ್ಟಿರುವ ಕಂಡರ ಗಟ್ಟಿಯಾಗುವುದು ಇನ್ನೂ ನಿಧಾನ. ಈ ಮೂರೂ ಬೇರೆ ಬೇರೆ ಬಡ್ಡಿದರದ ಠೇವಣಿಗಳು. ಮೊದಲನೆಯದರ ಲಾಭ ನೋಡಿ ಹಿಗ್ಗಿ, ಮೂರನೆಯದು ಪಕ್ವವಾಗುವ ಮುನ್ನ ಹಣ ತೆಗೆದವನಿಗೆ ದಂಡ ತಪ್ಪದು.

ಆ ದಂಡವನ್ನು ತೆತ್ತವರು ನಾವೇ. ಊರಿನ ಕಾಲೇಜಿನಲ್ಲಿದ್ದಾಗ ನಮ್ಮ ನೂರು ಮೀಟರಿನ ಕಾಲ ಕೈಗಡಿಯಾರದಲ್ಲಿ 11.9. ಅದನ್ನು ಅಂತರ ಕಾಲೇಜು ಸ್ಪರ್ಧೆಯ ಹೊತ್ತಿಗೆ 11ಕ್ಕೆ ಇಳಿಸಿಯೇ ತೀರುವೆವೆಂದು ಹಠ ತೊಟ್ಟೆವು. ದಿನವೂ ಬೆಳಗ್ಗೆ ಹತ್ತು ಸಲ ನೂರು ಮೀಟರು, ಪ್ರತಿ ಸಲವೂ ಪೂರ್ಣ ವೇಗ, ನಡುವೆ ಉಸಿರು ತಿರುಗುವಷ್ಟೇ ಬಿಡುವು. ಹೇಳಿಕೊಡುವವರು ಯಾರೂ ಇರಲಿಲ್ಲ. ಇದ್ದಿದ್ದರೂ ನಾವು ಕೇಳುತ್ತಿದ್ದೆವೋ ಇಲ್ಲವೋ. ಮೊದಲ ಎರಡು ವಾರ ಕಾಲ ಇಳಿಯಿತು. ಆಮೇಲೆ ನಿಂತಿತು. ನಿಂತದ್ದನ್ನು ಕಂಡು ಹತ್ತನ್ನು ಹದಿನೈದು ಮಾಡಿದೆವು. ಸ್ಪರ್ಧೆಯ ದಿನ ಅರವತ್ತು ಮೀಟರು ದಾಟುತ್ತಿದ್ದಂತೆ ತೊಡೆಯ ಹಿಂಭಾಗಕ್ಕೆ ಯಾರೋ ಕಲ್ಲೆಸೆದಂತಾಯಿತು. ನಿಜವಾಗಿಯೂ ಹಾಗೆಂದೇ ತಿಳಿದು, ಬೀಳುತ್ತ ಬೀಳುತ್ತ ಹಿಂದಕ್ಕೆ ತಿರುಗಿ ನೋಡಿದೆವು. ಯಾರೂ ಇರಲಿಲ್ಲ. ಕಲ್ಲೆಸೆದವರು ನಾವೇ. ಮತ್ತೆ ಓಟದ ಪಥಕ್ಕೆ ಇಳಿಯಲೇ ಇಲ್ಲ.

ತಪ್ಪು ಎಲ್ಲಿತ್ತೆಂದು ಬಹಳ ವರ್ಷಗಳ ಮೇಲೆ ಓದಿ ತಿಳಿದೆವು. ಪೂರ್ಣ ವೇಗದ ಓಟಕ್ಕೆ ಸ್ನಾಯುವಿನೊಳಗೆ ಒಂದು ಇಂಧನವುಂಟು. ಅದು ಕೆಲವೇ ಸೆಕೆಂಡಿನಲ್ಲಿ ಖರ್ಚಾಗುತ್ತದೆ, ಮತ್ತೆ ತುಂಬಿಕೊಳ್ಳಲು ಹಲವು ನಿಮಿಷ ಬೇಕು. ಬಿಡುವಿಲ್ಲದೆ ಓಡಿದರೆ ಎರಡನೆಯ, ಮೂರನೆಯ ಓಟ ಪೂರ್ಣ ವೇಗದ್ದಾಗುವುದೇ ಇಲ್ಲ. ನಿಧಾನವಾಗಿ ಓಡುವುದನ್ನೇ ನಾವು ದಿನವೂ ಅಭ್ಯಾಸ ಮಾಡಿದಂತಾಗುತ್ತದೆ! ಹಾಗೆಯೇ ಪೂರ್ಣ ವೇಗದ ಓಟ ವಾರಕ್ಕೆ ಎರಡು ಮೂರು ದಿನ ಸಾಕು. ನಡುವೆ ಒಂದೊಂದು ದಿನವಾದರೂ ಹಗುರವಾದ ಕೆಲಸ, ಇಲ್ಲವೇ ವಿಶ್ರಾಂತಿ ಇರಬೇಕು. ಬಲ ಬರುವುದು ಓಡುವಾಗ ಅಲ್ಲ. ಓಡಿದ ಮೇಲೆ ಉಂಡು ಮಲಗಿದಾಗ. ಮೈದಾನದಲ್ಲಿ ಕಟ್ಟಿದ ಹಣ ರಾತ್ರಿಯ ನಿದ್ದೆಯಲ್ಲಿ ಖಾತೆಗೆ ಜಮೆಯಾಗುತ್ತದೆ. ಭಾನುವಾರ ಮಕ್ಕಳು ಒಂದು ಓಟ ಮುಗಿಸಿ ಮೂರು ನಾಲ್ಕು ನಿಮಿಷ ಸುಮ್ಮನೆ ಅಡ್ಡಾಡುವುದನ್ನು ಕಂಡು, "ಇವರು ಓಡುವುದಕ್ಕಿಂತ ಹರಟುವುದೇ ಹೆಚ್ಚು" ಎಂದು ಕೆಲವು ತಂದೆಯವರು ನಕ್ಕದ್ದುಂಟು. ಆ ಹರಟೆಯೂ ಪಾಠವೇ. ಅಷ್ಟೇ ಏಕೆ, ಮನೆಯಲ್ಲಿ ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಉತ್ತರ ಕೊಡುವ ಮಕ್ಕಳು ಆ ನಾಲ್ಕು ನಿಮಿಷಗಳಲ್ಲಿ ಹಿಮ್ಮಡಿ, ಮುಂಗಾಲು, ಮೀನಖಂಡ ಎಂಬ ಮಾತುಗಳನ್ನು ಆಡಲು ಕಲಿತಿದ್ದಾರೆ.

ಈಗ ವರ್ಷಗಳ ಲೆಕ್ಕಕ್ಕೆ ಬರೋಣ. ಬೋಲ್ಟನ 200 ಮೀಟರಿನ ಪಾಸ್‌ಬುಕ್ಕನ್ನು ತೆರೆದರೆ ನಮೂದುಗಳು ಹೀಗಿವೆ: 2001ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ 21.73, 2003ರಲ್ಲಿ 20.13, 2004ರಲ್ಲಿ 19.93. ಮೂರು ವರ್ಷಗಳಲ್ಲಿ 1.80 ಸೆಕೆಂಡಿನ ಉಳಿತಾಯ! ಇದೇ ದರದಲ್ಲಿ ಹೋದರೆ ಎಲ್ಲಿಗೆ ಮುಟ್ಟಿಯಾನೋ ಎಂದು ಲೋಕವೆಲ್ಲ ಬೆರಗಾಗಿತ್ತು. ಆದರೆ ಅದೇ 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ತೊಡೆಯ ನೋವಿನಿಂದ ಮೊದಲ ಸುತ್ತಿನಲ್ಲಿಯೇ ಹೊರಬಿದ್ದ. 2005ರ ಅತ್ಯುತ್ತಮ ಕಾಲ 19.99, ಅಂದರೆ ಹಿಂದಿನ ವರ್ಷಕ್ಕಿಂತ ಕೆಟ್ಟದ್ದು. ಆ ವರ್ಷದ ಹೆಲ್ಸಿಂಕಿ ವಿಶ್ವಕೂಟದ ಅಂತಿಮ ಓಟದಲ್ಲಿ ಪೆಟ್ಟು ತಿಂದು ಕಟ್ಟಕಡೆಯವನಾಗಿ ಮುಟ್ಟಿದ. ಹುಟ್ಟಿನಿಂದ ಬೆನ್ನುಮೂಳೆ ತುಸು ಡೊಂಕಾಗಿದ್ದುದರಿಂದ ತೊಡೆಗೆ ಬೀಳುತ್ತಿದ್ದ ಭಾರ ಹೆಚ್ಚು. ಗ್ಲೆನ್ ಮಿಲ್ಸ್ ಎಂಬ ತರಬೇತುದಾರರು ಅವನ ಬೆನ್ನು, ಹೊಟ್ಟೆ, ಸೊಂಟಗಳನ್ನು ಗಟ್ಟಿಮಾಡಿಸಿ, ಓಟದ ಭಂಗಿಯನ್ನು ತಿದ್ದಿದರು. 2006ರಲ್ಲಿ 19.88, 2007ರಲ್ಲಿ 19.75, 2008ರಲ್ಲಿ 19.30, 2009ರಲ್ಲಿ 19.19. ಮೊದಲ ಮೂರು ವರ್ಷಗಳಲ್ಲಿ 1.80 ಉಳಿಸಿದವನು ಮುಂದಿನ ಐದು ವರ್ಷ ಬೆವರಿಳಿಸಿ ಉಳಿಸಿದ್ದು 0.74 ಮಾತ್ರ. ಆದರೆ ಲೋಕ ಅವನನ್ನು ನೆನೆಯುವುದು ಈ ಎರಡನೆಯ, ಚಿಕ್ಕ ಉಳಿತಾಯಕ್ಕಾಗಿ. 2005ರಲ್ಲಿ ಅವನ ತಂದೆ, "ಅಸಲಿಗೇ ಖೋತಾ ಬಂತು" ಎಂದು ಖಾತೆ ಮುಚ್ಚಿಸಿದ್ದರೆ?

ನಮ್ಮ ದೇಶದ ಮಿಲ್ಖಾ ಸಿಂಗರ ಕಥೆಯೂ ಬೇರೆಯಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಮೊದಲ ಸುತ್ತನ್ನೂ ದಾಟಲಿಲ್ಲ. ಸೋತು ಕೂರದೆ, 400 ಮೀಟರು ಗೆದ್ದ ಅಮೆರಿಕದ ಚಾರ್ಲ್ಸ್ ಜೆಂಕಿನ್ಸರನ್ನು ಕಂಡು ಅಭ್ಯಾಸದ ಕ್ರಮವನ್ನು ಕೇಳಿ ತಿಳಿದುಬಂದರು. 1958ರಲ್ಲಿ ಟೋಕಿಯೋ ಏಷ್ಯನ್ ಕೂಟದಲ್ಲಿ ಎರಡು ಚಿನ್ನ, ಅದೇ ವರ್ಷ ಕಾರ್ಡಿಫ್‌ನಲ್ಲಿ ಇನ್ನೊಂದು. 1960ರಲ್ಲಿ ರೋಮಿನಲ್ಲಿ 45.73 ಸೆಕೆಂಡು, ನಾಲ್ಕನೆಯ ಸ್ಥಾನ. ಪದಕ ತಪ್ಪಿತು, ಆದರೆ ಆ ಕಾಲವನ್ನು ಮೀರಲು ಭಾರತದವರಿಗೆ 1998ರ ತನಕ, ಅಂದರೆ 38 ವರ್ಷ ಬೇಕಾಯಿತು.

ನೂರು ಮೀಟರಿನ ರಾಷ್ಟ್ರೀಯ ದಾಖಲೆಯ ಲೆಕ್ಕವಂತೂ ನಮ್ಮಂಥ ಗುಮಾಸ್ತರಿಗೆ ಹೇಳಿಮಾಡಿಸಿದ್ದು. 2005ರಲ್ಲಿ ಅನಿಲ್ ಕುಮಾರ್ 10.30. ಹನ್ನೊಂದು ವರ್ಷ ಬಿಟ್ಟು 2016ರಲ್ಲಿ ಅಮಿಯ ಮಲ್ಲಿಕ್ 10.26. 2023ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ನಮ್ಮ ಕರ್ನಾಟಕದ ಮಣಿಕಂಠ ಹೋಬಳಿದಾರ್ 10.23. 2025ರ ಮಾರ್ಚಿನಲ್ಲಿ, ಅದೂ ಬೆಂಗಳೂರಿನಲ್ಲಿಯೇ, ಗುರಿಂದರ್‌ವೀರ್ ಸಿಂಗ್ 10.20, ಅದೇ ಜುಲೈಯಲ್ಲಿ ಗ್ರೀಸಿನಲ್ಲಿ ಅನಿಮೇಶ್ ಕುಜುರ್ 10.18. ಇಪ್ಪತ್ತು ವರ್ಷಗಳಲ್ಲಿ ಇಡೀ ದೇಶ ಸೇರಿ ಉಳಿಸಿದ್ದು 0.12 ಸೆಕೆಂಡು, ನೆಲದ ಮೇಲೆ ಅಳೆದರೆ ಒಂದು ಮೀಟರಿಗಿಂತ ತುಸು ಹೆಚ್ಚು. 1964ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಓಡಿ, 1965ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಬೆಂಗಳೂರಿನ ಕೆನೆತ್ ಪೊವೆಲ್ಲರಂಥವರ ಕಾಲದಿಂದ ಒಬ್ಬರ ಹೆಗಲ ಮೇಲೆ ಒಬ್ಬರು ನಿಂತು ಈ ಮೀಟರನ್ನು ಗಳಿಸುತ್ತ ಬಂದಿದ್ದಾರೆ. ನಾವೋ ನಮ್ಮ ಮಗು ಎರಡು ವರ್ಷದಲ್ಲಿ ಒಂದು ಸೆಕೆಂಡು ಇಳಿಸಲಿಲ್ಲವೆಂದು ಮುಖ ಸಿಂಡರಿಸುತ್ತೇವೆ.

ಅಡ್ಡದಾರಿಯೂ ಇದೆಯೆಂಬುದನ್ನು ಮರೆಮಾಚಬಾರದು. 1988ರ ಸೋಲ್ ಒಲಿಂಪಿಕ್ಸಿನಲ್ಲಿ ಕೆನಡದ ಬೆನ್ ಜಾನ್ಸನ್ 9.79 ಸೆಕೆಂಡಿನಲ್ಲಿ ಓಡಿ ಲೋಕವನ್ನು ಬೆಚ್ಚಿಬೀಳಿಸಿದ. ಮೂರೇ ದಿನಗಳಲ್ಲಿ ಮದ್ದು ಸೇವಿಸಿದ್ದು ಹೊರಬಿದ್ದು ಪದಕ ಹೋಯಿತು, ಮಾನವೂ ಹೋಯಿತು. ಸುಳ್ಳು ಜಮೆ ಎಷ್ಟೇ ಚಂದವಾಗಿ ಬರೆದಿದ್ದರೂ ತಪಾಸಣೆಯ ದಿನ ಒಂದು ಬಂದೇ ಬರುತ್ತದೆ.

ಕೆಲವರು ಕೇಳಬಹುದು: "ನಮ್ಮ ಕಂಬಳದ ಓಟಗಾರರು ಯಾವ ತರಬೇತಿಯೂ ಇಲ್ಲದೆ ಬೋಲ್ಟನನ್ನು ಮೀರಿಸಲಿಲ್ಲವೇ?" ಎಂದು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರಿನ ಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಪತ್ರಿಕೆಗಳು ಭಾಗಾಕಾರ ಮಾಡಿ, ನೂರು ಮೀಟರಿಗೆ 9.55 ಎಂದು ಬರೆದವು. ಹೆಮ್ಮೆ ಪಡಬೇಕಾದ ಓಟವೇ, ಸಂದೇಹವಿಲ್ಲ. ಭಾಗಾಕಾರವೂ ಹೆಚ್ಚುಕಡಮೆ ಸರಿಯೇ. ಆದರೆ ಖಾತೆ ಬೇರೆ. ಕೋಣಗಳ ಜೋಡಿ ಮುಂದೆ ಎಳೆಯುತ್ತಿರುತ್ತದೆ, ಹಗ್ಗ ಕೈಯಲ್ಲಿರುತ್ತದೆ. ಅಲ್ಲದೆ ಹೊರಡುವಾಗಿನ ನಿಧಾನದ ನಷ್ಟ ಉದ್ದ ಓಟದಲ್ಲಿ ಹಂಚಿಹೋಗುತ್ತದೆ. ಬೋಲ್ಟ್ ಬರ್ಲಿನ್ನಿನಲ್ಲಿ 200 ಮೀಟರು ಓಡಿದಾಗ ಮೊದಲ ನೂರಕ್ಕೆ 9.92 ತೆಗೆದುಕೊಂಡು, ಆಗಲೇ ವೇಗ ಏರಿದ್ದ ಎರಡನೆಯ ನೂರನ್ನು 9.27ರಲ್ಲಿ ಮುಗಿಸಿದ್ದ! ಅದು ನೂರು ಮೀಟರಿನ ದಾಖಲೆಯಾಗುತ್ತದೆಯೇ? ಗೌಡರನ್ನು ಓಟದ ಪರೀಕ್ಷೆಗೆ ಬರಹೇಳಿದಾಗ ಅವರು ಒಪ್ಪಲಿಲ್ಲ. ಕೆಸರಿನ ಓಟವೇ ಬೇರೆ, ಪಥದ ಓಟವೇ ಬೇರೆ ಎಂದರು. ಅವರ ಆ ವಿವೇಕ ಪತ್ರಿಕೆಯವರ ಲೆಕ್ಕಕ್ಕಿಂತ ದೊಡ್ಡದು. ಮತ್ತು ಅವರಿಗೆ ತರಬೇತಿ ಇಲ್ಲವೆಂದವರು ಯಾರು? ವರ್ಷವರ್ಷವೂ ಕೋಣಗಳ ಹಿಂದೆ ಕೆಸರಿನಲ್ಲಿ ಓಡಿದ್ದು ತರಬೇತಿಯಲ್ಲದೆ ಮತ್ತೇನು?

ಇನ್ನು ಹೆಣ್ಣುಮಕ್ಕಳ ಮಾತು. ಇದನ್ನು ತಾಯಂದಿರು ವಿಶೇಷವಾಗಿ ಕೇಳಬೇಕೆಂದು ಬೇಡಿಕೊಳ್ಳುತ್ತೇವೆ. ಹನ್ನೆರಡು ಹದಿಮೂರರ ತನಕ ಹುಡುಗ ಹುಡುಗಿಯರ ಕಾಲದಲ್ಲಿ ಅಂಥ ಅಂತರವಿಲ್ಲ. ಆಮೇಲೆ ಹುಡುಗರಿಗೆ ಪ್ರಕೃತಿಯೇ ಸ್ನಾಯುಬಲವನ್ನು ಕೊಡುಗೈಯಾಗಿ ಕೊಡುತ್ತದೆ. ಅಭ್ಯಾಸ ಅಷ್ಟಿಷ್ಟಿದ್ದರೂ ಕಾಲ ಇಳಿಯುತ್ತದೆ. ಹುಡುಗಿಯರಿಗೆ ಅದೇ ವಯಸ್ಸಿನಲ್ಲಿ ಮೈ ತುಂಬುತ್ತದೆ, ಸೊಂಟ ಅಗಲವಾಗುತ್ತದೆ, ತೂಕ ಏರುತ್ತದೆ. ತೂಕಕ್ಕೆ ತಕ್ಕ ಬಲ ತಾನಾಗಿ ಬರುವುದಿಲ್ಲ. ಆದ್ದರಿಂದ ಹದಿನಾಲ್ಕರಿಂದ ಹದಿನೇಳರ ನಡುವೆ ಅನೇಕ ಹುಡುಗಿಯರ ಕಾಲ ನಿಂತಲ್ಲೇ ನಿಲ್ಲುತ್ತದೆ. ಕೆಲವರದು ಹಿಂದೆಯೂ ಸರಿಯುತ್ತದೆ. ಇದು ಸೋಮಾರಿತನವಲ್ಲ, ಸೋಲಲ್ಲ, ರೋಗವಲ್ಲ. ಮೈ ಹೊಸದಾಗಿ ಕಟ್ಟಿಕೊಳ್ಳುತ್ತಿರುವ ಕಾಲ. ಮನೆ ರಿಪೇರಿ ನಡೆಯುವಾಗ ಪಾತ್ರೆಗಳೆಲ್ಲ ಹೊರಗಿರುತ್ತವೆ. ಹಾಗೆಂದು ಮನೆಯನ್ನೇ ಮಾರಿಬಿಡುವವರುಂಟೇ? ಆ ಎರಡು ಮೂರು ವರ್ಷ ಕಾಲು ಸೊಂಟಗಳಿಗೆ ಬಲ ಬರುವ ವ್ಯಾಯಾಮ, ಹೊಟ್ಟೆತುಂಬ ಊಟ, ರಕ್ತ ಕಡಮೆಯಾಗದಂತೆ ಸೊಪ್ಪು ಕಾಳು, ಮತ್ತು ಮನೆಯವರ ಒಂದು ಒಳ್ಳೆಯ ಮಾತು ಇವಿಷ್ಟು ಸಿಕ್ಕರೆ ಕಾಲ ಮತ್ತೆ ಇಳಿಯಲು ತೊಡಗುತ್ತದೆ.

ಎಲ್ಲಿಯವರೆಗೆ ಇಳಿದೀತು? ಜಮೈಕದ ಶೆಲ್ಲಿ-ಆನ್ ಫ್ರೇಸರ್-ಪ್ರೈಸ್ 2008ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, 10.78 ಸೆಕೆಂಡಿನಲ್ಲಿ ಓಡಿ ಒಲಿಂಪಿಕ್ ಚಿನ್ನ ಗೆದ್ದಳು. 2017ರಲ್ಲಿ ತಾಯಿಯಾದಳು. 2021ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಲೂಸಾನಿನಲ್ಲಿ 10.60 ಓಡಿದಳು, ಅದೇ ಆಕೆಯ ಬಾಳಿನ ಅತ್ಯುತ್ತಮ ಕಾಲ. ನಮ್ಮ ಕರಾವಳಿಯ ವಂದನಾ ರಾವ್ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಭಾರತದ ರಿಲೇ ತಂಡದಲ್ಲಿ ಓಡಿ ಅಂತಿಮ ಸುತ್ತು ಮುಟ್ಟಿದರು. ಮಂಗಳೂರಿನ ಎಂ.ಆರ್. ಪೂವಮ್ಮ 2018ರ ಏಷ್ಯನ್ ಕೂಟದಲ್ಲಿ ರಿಲೇ ಚಿನ್ನ ಗೆದ್ದ ತಂಡದಲ್ಲಿದ್ದರು. ಇವರ ಮನೆಯವರು ಖಾತೆ ಮುಚ್ಚಲಿಲ್ಲ. ಅಷ್ಟಂತೂ ನಾವು ಬಲ್ಲೆವು.

ಹಾಗಾದರೆ ಓಡಿದ ಮಕ್ಕಳೆಲ್ಲ ಒಲಿಂಪಿಕ್ಸಿಗೆ ಹೋಗುವರೇ? ಖಂಡಿತ ಇಲ್ಲ. ನಮ್ಮ ಸಂಘದಿಂದ ಒಬ್ಬರಾದರೂ ಹೋಗದಿರಬಹುದು. ಹುಟ್ಟಿನಿಂದ ಬಂದ ಸ್ನಾಯುವಿನ ಬಗೆಯೂ ಒಂದಿದೆ. ಅದನ್ನು ಅಭ್ಯಾಸ ಸ್ವಲ್ಪ ತಿದ್ದೀತು, ಪೂರಾ ಬದಲಿಸಲಾರದು. ಆದರೆ ನಿನ್ನೆಯ ತನಗಿಂತ ಇಂದಿನ ತಾನು ಒಂದು ಕೂದಲೆಳೆಯಷ್ಟು ಮುಂದೆ ಹೋಗಬಹುದು, ಅದಕ್ಕೆ ವರ್ಷಗಳು ಬೇಕು, ಆ ವರ್ಷಗಳ ನಡುವೆ ಏನೂ ಆಗದ ವರ್ಷವೂ ಒಂದು ಬರುತ್ತದೆ ಎಂಬುದನ್ನು ಹದಿನೈದನೆಯ ವಯಸ್ಸಿನಲ್ಲಿ ಕಾಲಿನಿಂದ ಕಲಿತ ಮಗುವಿಗೆ ಬಾಳಿನಲ್ಲಿ ಅದು ಮರೆತುಹೋಗದು. ಈ ಊರಿಗೆ ಬಂದ ನಮ್ಮ ಹಿರಿಯರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದರಲ್ಲ, ಅವರಿಗೂ ಏನೂ ಆಗದ ವರ್ಷಗಳಿದ್ದವು.

ಕೊನೆಯದಾಗಿ ಸಂಘದ ಮುಂದೆ ಎರಡು ಸಣ್ಣ ಸೂಚನೆಗಳನ್ನು ಇಡುತ್ತೇವೆ. ಮೊದಲನೆಯದು, ಭಾನುವಾರ ಓಡುವ ಪ್ರತಿ ಮಗುವಿಗೂ ಒಂದು ಪಾಸ್‌ಬುಕ್ಕು. ವರ್ಷಕ್ಕೆ ನಾಲ್ಕು ಸಲ, ಒಂದೇ ಪಥದಲ್ಲಿ, ಒಂದೇ ಹೊತ್ತಿನಲ್ಲಿ, ಮೂವರು ಗಡಿಯಾರ ಹಿಡಿದು ನಡುವಿನ ಅಂಕಿಯನ್ನು ಅದರಲ್ಲಿ ಬರೆಯುವುದು. ಪಕ್ಕದಲ್ಲಿ ಎತ್ತರ, ತೂಕ, ಪೆಟ್ಟು ಬಿದ್ದಿದ್ದರೆ ಅದು. ಐದು ವರ್ಷ ತುಂಬುವ ತನಕ ಯಾರೂ ಅದನ್ನು ನೋಡಿ ತೀರ್ಪು ಕೊಡಬಾರದು. ಎರಡನೆಯದು, ಮೊದಲ ಮೂರು ಸ್ಥಾನದವರಿಗೆ ಕೊಡುವ ಬಹುಮಾನದ ಜೊತೆಗೆ, ತನ್ನದೇ ಹಿಂದಿನ ವರ್ಷದ ಕಾಲವನ್ನು ಎಲ್ಲರಿಗಿಂತ ಹೆಚ್ಚು ಉತ್ತಮಪಡಿಸಿದ ಮಗುವಿಗೆ, ಅದು ಕೊನೆಯವನಾಗಿ ಮುಟ್ಟಿದ ಮಗುವೇ ಆಗಿರಲಿ, ಒಂದು ಕನ್ನಡ ಪುಸ್ತಕದ ಬಹುಮಾನ. ಅದರ ವೆಚ್ಚವನ್ನು ನಾವು ವಹಿಸಿಕೊಳ್ಳುತ್ತೇವೆ. ಗುಮಾಸ್ತನ ಸಂಬಳಕ್ಕೆ ಅದು ಭಾರವಲ್ಲ.

ನಲವತ್ತು ಪಾಸ್‌ಬುಕ್ಕುಗಳನ್ನು ಆಗಲೇ ಹೊಲಿಸಿ ತಂದಿದ್ದೇವೆ; ಅಗೋ, ಬಹುಮಾನದ ಮೇಜಿನ ತುದಿಯಲ್ಲಿವೆ. ಮೊದಲನೆಯದರ ಮೇಲೆ ಆ ಹುಡುಗಿಯ ಹೆಸರನ್ನು ಬರೆದು, ಒಳಗೆ ಎರಡು ಸಾಲು ತುಂಬಿದ್ದೇವೆ: 14.2, 14.4. ಉಳಿದ ಪುಟಗಳು ಖಾಲಿ. ಇವತ್ತು ಅವಳು ಓಡಲಿಲ್ಲ. ಆದರೆ ಬೆಳಗಿನಿಂದ ಮುಗಿತಾಯದ ಗೆರೆಯ ಬಳಿ ನಿಂತು ಚಿಕ್ಕ ಮಕ್ಕಳ ಕಾಲವನ್ನು ಹಿಡಿದವಳು ಅವಳೇ. ಒಂದು ಸಲವೂ ಗಡಿಯಾರ ತಪ್ಪಲಿಲ್ಲ.

ಅವಳ ತಂದೆಯವರಲ್ಲಿ ನಮ್ಮ ಅರಿಕೆ ಇಷ್ಟೇ. ನೀವು ಅಂದು, "ಇಂಥ ಖಾತೆಯನ್ನು ಇಟ್ಟುಕೊಳ್ಳುತ್ತಾರೆಯೇ?" ಎಂದು ಕೇಳಿದಿರಿ. ಇಟ್ಟುಕೊಳ್ಳುತ್ತಾರೆ ಮಾರಾಯ್ರೆ. ಟ್ಯೂಶನ್ನಿಗೂ ಕಳುಹಿಸಿ, ಬೇಡವೆನ್ನುವುದಿಲ್ಲ. ಭಾನುವಾರದ ಬೆಳಗಿನ ಎರಡು ಗಂಟೆಯನ್ನು ಮಾತ್ರ ನಮಗೆ ಬಿಟ್ಟುಕೊಡಿ. ಪುಸ್ತಕ ಮೇಜಿನ ಮೇಲಿದೆ. ಹೋಗುವಾಗ ತೆಗೆದುಕೊಂಡು ಹೋಗಿ.